ಮೇಲಿಂದ ಇಳಿದ ಬಣ್ಣ

ಅಕ್ಟೋಬರ್ 6, ಸೋಮವಾರ

ದಿನಾ ಕಲಿತದ್ದನ್ನು ಸಂಜೆ ಒಂದು ಕಡೆ ಬರೆದಿಡು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ತಲೆಯಿಂದ ಹಾರಿಹೋಗುತ್ತದೆ ಎಂದು ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಶಿವರಂಜನಿ ಹೇಳಿದಳು. ಹೇಳಿದವಳು ತಮ್ಮನ ಮದುವೆಗೆ ರಜೆ ಹಾಕಿ ಕೊರಟಗೆರೆಗೆ ಹೋದಳು. ಬರೆಯುವ ಕೆಲಸ ನನ್ನ ತಲೆಗೆ ಬಂತು. ಇವತ್ತು ಕಲಿತದ್ದು: ಏನೂ ಇಲ್ಲ.

ನಮ್ಮ ಅಂಗಡಿ ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದೆ. ಮದುವೆ ಪತ್ರಿಕೆ, ಫ್ಲೆಕ್ಸು, ಈಚೆಗೆ ವೆಬ್‌ಸೈಟು. ಕನ್ನಡ ಟೈಪಿಂಗಿಗೆಂದು ಸೇರಿದ ನನ್ನನ್ನು ಮಾಲೀಕರಾದ ಪ್ರಸನ್ನಕುಮಾರ್ ಸರ್ ಈ ವರ್ಷ ವೆಬ್‌ಸೈಟಿಗೆ ಕೂರಿಸಿದ್ದಾರೆ. ಈಗ ಕೈಯಲ್ಲಿರುವುದು ಪಾವಗಡದ ಜಯರಾಮು ಅವರ ಗಾಣದೆಣ್ಣೆ ಅಂಗಡಿಯ ಸೈಟು. ಹಿಂದೆ ಯಾರೋ ಅರ್ಧಕ್ಕೆ ಮಾಡಿ ಬಿಟ್ಟದ್ದು. ಜಯರಾಮು ಅವರಿಗೆ ಇರುವುದು ಒಂದೇ ಆಸೆ, ಮೊದಲ ಪುಟದಲ್ಲಿ ಅಂಗಡಿಯ ಹೆಸರು ಹಸಿರಾಗಿ ಕಾಣಬೇಕು. ಅದು ಕಪ್ಪಾಗಿದೆ.

ಯಾವುದು ಯಾವ ಬಣ್ಣ, ಎಷ್ಟು ದೊಡ್ಡದು, ಎಲ್ಲಿ ನಿಲ್ಲಬೇಕು ಎನ್ನುವ ಅಪ್ಪಣೆಗಳೆಲ್ಲ ಸಿಎಸ್‌ಎಸ್ ಎನ್ನುವ ಫೈಲಿನಲ್ಲಿರುತ್ತವೆ. ಹೆಸರು ಕೂತಿರುವ ದೊಡ್ಡ ಚೌಕಕ್ಕೆ 'ಹಸಿರು' ಎಂದು ಬರೆದೆ. ಚೌಕದೊಳಗಿನ ವಿಳಾಸ ಹಸಿರಾಯಿತು, ಫೋನ್ ನಂಬರ್ ಹಸಿರಾಯಿತು, ಹೆಸರು ಮಾತ್ರ ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ಸರ್ ಹಿಂದೆ ಬಂದು ನಿಂತು, "ಇಂಪಾರ್ಟೆಂಟ್ ಹಾಕಿಬಿಡ್ರೀ ಗಂಗಾಲಕ್ಷ್ಮಿ, ಅದರ ಮುಂದೆ ಯಾವುದೂ ನಿಲ್ಲಲ್ಲ" ಅಂದರು. ಅಪ್ಪಣೆಯ ಕೊನೆಗೆ 'ಇಂಪಾರ್ಟೆಂಟ್' ಎಂದು ಸೇರಿಸಿದರೆ 'ಇದು ಮುಖ್ಯ, ಉಳಿದವರು ಬಾಯಿ ಮುಚ್ಚಿ' ಎಂದ ಹಾಗೆ. ಆ ಚೌಕಕ್ಕೇ ಹಾಕಿದೆ. ಕಪ್ಪು.

ಸಂಜೆ ಪಾವಗಡ ಬಸ್ಸಿನಲ್ಲಿ ಮಿಡಿಗೇಶಿವರೆಗೂ ನಿಂತೇ ಬಂದೆ. ಹಟ್ಟಿಗೆ ಬಂದರೆ ಜಗಲಿಯ ಮೇಲೆ ಯಶೋದ ಕಾಲು ಚಾಚಿ ಕೂತಿದ್ದಳು. ನನ್ನ ನಾದಿನಿ, ಸಿರಾ ಕಡೆ ಕೊಟ್ಟಿದ್ದೇವೆ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಈ ತಿಂಗಳ ಕೊನೆಗೆ ದಿನ ಹೇಳಿದ್ದಾರೆ. ಪಾದ ಊದಿವೆ. ಉಪ್ಪು ಬಿಸಿನೀರು ಕೊಟ್ಟೆ. ನನ್ನ ಪಾದಕ್ಕೂ ಬೇಕಿತ್ತು, ಇನ್ನೊಂದು ಪಾತ್ರೆ ಕಾಯಿಸುವಷ್ಟು ಹುರುಪಿರಲಿಲ್ಲ.

ಅಕ್ಟೋಬರ್ 8, ಬುಧವಾರ

ನಿನ್ನೆಯಿಂದ ಹೊರಗಾಗಿದ್ದೇನೆ. ಹಟ್ಟಿಯ ಮುಳ್ಳುಬೇಲಿಯಾಚೆ, ಹುಣಸೆ ಮರದ ಹತ್ತಿರದ ಗುಡ್ಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಂಗಡಿಗೆ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ. ಬಸ್ಸಿನಲ್ಲಿ ಯಾರೂ ಕೇಳುವುದಿಲ್ಲ, ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಬೇಲಿ ಮಾತ್ರ ದಾಟುವಂತಿಲ್ಲ.

ಬೇಸರವೇನಿಲ್ಲ. ನಿಜ ಹೇಳಬೇಕೆಂದರೆ ತಿಂಗಳಿಗೊಮ್ಮೆ ಒಲೆಯ ಮುಂದೆ ಕೂರದೆ ಊಟ ಸಿಗುವುದು ಇಲ್ಲೇ. ಅತ್ತೆ ಬಂದು ಮೇಲಿನಿಂದ ತಟ್ಟೆಗೆ ಮುದ್ದೆ ಬಿಟ್ಟು ಹೋಗುತ್ತಾರೆ. ಫೋನ್ ಚಾರ್ಜಿಗೆ ಕರೆಂಟಿಲ್ಲ, ಅದೊಂದು ಕಷ್ಟ. ಬಾಗಿಲಿಲ್ಲ, ರಾತ್ರಿ ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಒಂದು ಗೋಣಿಯನ್ನಾದರೂ ಕಟ್ಟಿಕೊಡಿ ಎಂದು ಮಾವನಿಗೆ ಹೋದ ಚಳಿಗಾಲದಿಂದ ಹೇಳುತ್ತಿದ್ದೇನೆ. "ನೋಡನ ಬುಡಮ್ಮ" ಅನ್ನುತ್ತಾರೆ. ನಮ್ಮ ಮಾವ ಯತ್ತಪ್ಪನವರು ಯಾವುದಕ್ಕೂ ಇಲ್ಲ ಅನ್ನುವವರಲ್ಲ. ಮಾಡುವವರೂ ಅಲ್ಲ.

ಹೆಸರು ಇನ್ನೂ ಕಪ್ಪು.

ಅಕ್ಟೋಬರ್ 13, ಸೋಮವಾರ

ಜಯರಾಮು ಅವರ ಫೋನು. "ಏನಮ್ಮಾ, ಇಂಕಾ ಕಪ್ಪೇ ಐತಲ್ಲಾ? ಪಚ್ಚಗೆ, ಕಡಲೆ ಗಿಡ ಇದ್ದಂಗೆ ಇರ್ಬೇಕು ಅಂದಿದ್ನಲ್ಲಮ್ಮಾ." ಆಗುತ್ತೆ ಸರ್ ಅಂದೆ. ಹೇಗೆ ಅಂತ ಅವರೂ ಕೇಳಲಿಲ್ಲ, ಪುಣ್ಯ.

ಶಿವರಂಜನಿ ಬಂದಳು. ಮದುವೆಯ ಚಿರೋಟಿ ತಂದಿದ್ದಳು. ತಿನ್ನುತ್ತಾ ನನ್ನ ಫೈಲು ನೋಡಿದವಳು ತಿನ್ನುವುದನ್ನೇ ನಿಲ್ಲಿಸಿದಳು.

"ಇದೇನೇ ಗಂಗಾ, ಹೆಜ್ಜೆಗೊಂದು ಇಂಪಾರ್ಟೆಂಟ್?"

"ಸರ್ ಹೇಳಿದ್ರು."

"ಸರ್‌ಗೇನು, ಹೇಳ್ತಾರೆ. ಕೇಳಿಲ್ಲಿ. ನನ್ನ ತಮ್ಮನ ಮದುವೇಲಿ ಹೆಂಗಸರೆಲ್ಲ ಹಳದಿ ಸೀರೆ ಉಡಬೇಕು ಅಂದ್ರು. ಆಮೇಲೆ ಹುಡುಗನ ಕಡೆಯೋರಿಗೆ ಮಾತ್ರ ನೀಲಿ ಅಂದ್ರು. ಕೊನೆಗೆ ಅಮ್ಮ, ಇದು ಶಿವುಗೆ ಅಂತ ಕೆಂಪು ಸೀರೆ ತಂದು ಕೈಗಿಟ್ಲು. ನಾನು ಉಟ್ಟಿದ್ದು ಯಾವುದು?"

"ಕೆಂಪು."

"ಅಷ್ಟೇ ಕಣೆ. ಎಲ್ಲರಿಗೂ ಹೇಳಿದ್ದಕ್ಕಿಂತ ಒಂದು ಗುಂಪಿಗೆ ಹೇಳಿದ್ದು ಮೇಲು. ಗುಂಪಿಗೆ ಹೇಳಿದ್ದಕ್ಕಿಂತ ಹೆಸರು ಹಿಡಿದು ಹೇಳಿದ್ದು ಮೇಲು."

"ಇಬ್ಬರೂ ಹೆಸರು ಹಿಡಿದೇ ಹೇಳಿದ್ರೆ?"

"ಕೊನೆಗೆ ಹೇಳಿದೋರ ಮಾತು ನಡೆಯುತ್ತೆ."

"ಇಂಪಾರ್ಟೆಂಟ್ ಅಂದ್ರೆ?"

"ಅದು ಜೋರಾಗಿ ಕೂಗೋದು. ಒಬ್ಬರು ಕೂಗಿದ್ರೆ ಕೇಳಿಸುತ್ತೆ. ಎಲ್ಲರೂ ಕೂಗಿದ್ರೆ ಸಂತೆ. ಆಗ ಮತ್ತೆ ಮೊದಲಿನ ಲೆಕ್ಕಕ್ಕೇ ಬರಬೇಕು."

ಹೆಸರು ಯಾಕೆ ಕಪ್ಪು ಎಂದು ಕೇಳುವಷ್ಟರಲ್ಲಿ ರಾಜ್ಯೋತ್ಸವದ ಫ್ಲೆಕ್ಸಿನವರು ಬಂದರು. ಇನ್ನು ಈ ತಿಂಗಳೆಲ್ಲ ಹಳದಿ ಕೆಂಪು ಬಿಟ್ಟರೆ ಬೇರೆ ಬಣ್ಣವಿಲ್ಲ.

ಅಕ್ಟೋಬರ್ 17, ಶುಕ್ರವಾರ

ಮಳೆ. ಆಶಾ ಕಾರ್ಯಕರ್ತೆ ಭವ್ಯ ಮನೆಗೆ ಬಂದಿದ್ದಳಂತೆ. ಮಗು ಹುಟ್ಟಿದ ಮೇಲೆ ಬೆಚ್ಚಗಿನ ಕೋಣೆಯಲ್ಲಿಡಿ, ಗುಡ್ಲಿಗೆ ಹಾಕಬೇಡಿ, ಯಶೋದಳಿಗೆ ರಕ್ತ ಬೇರೆ ಕಡಿಮೆ ಇದೆ ಎಂದು ಹೇಳಿ ಹೋದಳಂತೆ. ಎಲ್ಲರೂ ತಲೆಯಾಡಿಸಿದರಂತೆ. ಭವ್ಯ ಆಚೆ ಹೋದ ಮೇಲೆ ನನ್ನ ಗಂಡ ಗುಡ್ಲಿನ ಸೂರಿಗೆ ಹೊದಿಸಲು ಪ್ಲಾಸ್ಟಿಕ್ ಶೀಟು ಅಳತೆ ಮಾಡಿದರು.

ನಮ್ಮ ಹಟ್ಟಿಯಲ್ಲಿ ಬಾಣಂತಿ ಸೂತಕ ಕಳೆಯುವವರೆಗೂ ಮಗುವಿನ ಜೊತೆ ಅಲ್ಲೇ ಇರಬೇಕು. ನನಗೆ ಮಕ್ಕಳಾಗಿಲ್ಲ, ಹಾಗಾಗಿ ನನ್ನ ಸರದಿ ಬಂದಿಲ್ಲ. ಸಂಜೆ ಯಶೋದಳ ಜಡೆ ಹಾಕುವಾಗ ಅವಳ ಕತ್ತು ಗಟ್ಟಿಯಾಗಿತ್ತು.

"ಅತ್ತಿಗೆ, ನಂಗೆ ಹೆರಿಗೆಗೆ ಭಯ ಇಲ್ಲ. ಅಲ್ಲಿ ಮಲಗಾಕೆ ಭಯ ಆಯ್ತದೆ. ನಾನೊಬ್ಳೇ ಆದ್ರೆ ತಡ್ಕಂತಿದ್ದೆ. ಮಗ ಚಳಿ ಹೆಂಗೆ ತಡ್ಕಂತದೆ?"

ಏನೂ ಆಗಲ್ಲ ಬುಡು ಅಂದೆ. ಆಮೇಲೆ ನಮ್ಮವರನ್ನು ಕೇಳಿದೆ. ನಟರಾಜು ಹಟ್ಟಿಯಲ್ಲಿ ಡಿಗ್ರಿ ಮಾಡಿದ ಮೊದಲನೆಯವರು, ಸಿರಾದಲ್ಲಿ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಹೊರಗೆ ನಿಂತು ಮಾತಾಡಿದರೆ ಇವರ ಮುಂದೆ ಯಾರೂ ಇಲ್ಲ.

"ನಂದೇನೈತೆ? ಅವ್ವ ಹೆಂಗೆ ಹೇಳ್ತಾಳೋ ಅಂಗೆ" ಅಂದರು. ಶೀಟು ಮಡಿಚಿಟ್ಟು ಫೋನು ನೋಡತೊಡಗಿದರು. ನನಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಬೇಕು.

ಅಕ್ಟೋಬರ್ 19, ಭಾನುವಾರ

ಅತ್ತೆಯ ಜೊತೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದೆ. ಜುಂಜಮ್ಮ ಎಂದರೆ ಸುಮ್ಮನೆ ಕೂರುವವರಲ್ಲ, ಕೈ ಗಿಡದ ಮೇಲೆ, ಕಣ್ಣು ಬೀದಿಯ ಮೇಲೆ, ಬಾಯಿ ನನ್ನ ಮೇಲೆ. ಹೇಗೋ ಧೈರ್ಯ ಮಾಡಿ ಕೇಳಿದೆ.

"ಅತ್ತೆ, ಯಶೋದನ್ನ ಮನೆ ಒಳಗೇ ಇಟ್ಕಂಡ್ರೆ ಏನಾಯ್ತದೆ?"

ಕೈ ನಿಂತಿತು. "ನಾನೇನ್ ಮಾಡ್ಲಿ ಕಣಮ್ಮ? ನಾನೂ ಅಲ್ಲೇ ಹೆತ್ತೋಳು. ಇವ್ನೂ ಅಲ್ಲೇ ಹುಟ್ಟಿದ್ದು, ಇವ್ಳೂ ಅಲ್ಲೇ ಹುಟ್ಟಿದ್ದು. ನಂಗೇನು ಮಗಳ ಮ್ಯಾಲೆ ಆಸೆ ಇಲ್ವಾ? ನಿಮ್ ಮಾವುನ್ನ ಕೇಳು."

ಮಾವ ಕುರಿ ಹೊಡೆದುಕೊಂಡು ಬಂದರು. ಕುರಿಗಳನ್ನು ರೊಪ್ಪಕ್ಕೆ ಕೂಡುತ್ತಿದ್ದಾಗ ಕೇಳಿದೆ. "ನಾನು ಯಾವತ್ತು ಬ್ಯಾಡ ಅಂದೆನಮ್ಮ? ಯಜಮಾನ್ರು ಅವ್ರೆ, ಹಟ್ಟಿ ಐತೆ. ಬೈಲಪ್ಪನ್ನ ಕೇಳ್ಬೇಕು." ನೀವು ಕೇಳ್ತೀರಾ ಅಂದೆ.

"ನೋಡನ ಬುಡಮ್ಮ."

ಅಕ್ಟೋಬರ್ 23, ಗುರುವಾರ

ದೀಪಾವಳಿ ಕಳೆಯಿತು. ಹೋಳಿಗೆ ತಟ್ಟಿ ತಟ್ಟಿ ಭುಜ ಹಿಡಿದುಕೊಂಡಿದೆ. ಆದರೂ ಇವತ್ತಿನದನ್ನು ಬರೆಯಬೇಕು. ಹೆಸರು ಹಸಿರಾಯಿತು.

ನಾನು ಇಷ್ಟು ದಿನ ಚೌಕಕ್ಕೆ ಅಪ್ಪಣೆ ಕೊಡುತ್ತಲೇ ಇದ್ದೆ. ಶಿವರಂಜನಿ ಆ ಹೆಸರಿನ ಮೇಲೆ ಮೌಸಿಟ್ಟು ಏನೋ ಒತ್ತಿದಳು. ಪಕ್ಕದಲ್ಲಿ ಒಂದು ಪಟ್ಟಿ ತೆರೆಯಿತು. ಆ ಹೆಸರಿನ ಬಗ್ಗೆ ಯಾರ್‍ಯಾರು ಏನೇನು ಹೇಳಿದ್ದಾರೆ, ಯಾರ ಮಾತು ಯಾವ ಫೈಲಿನ ಯಾವ ಸಾಲಿನಿಂದ ಬಂದಿದೆ, ಎಲ್ಲ ಅಲ್ಲಿ ಕಾಣುತ್ತದೆ. ಸೋತ ಮಾತಿನ ಮೇಲೆ ಗೀಟು ಎಳೆದಿರುತ್ತದೆ. ನನ್ನ ಹಸಿರು, ಅದರ ಬಾಲಕ್ಕೆ ನಾನು ಅಂಟಿಸಿದ ಇಂಪಾರ್ಟೆಂಟ್, ಎರಡರ ಮೇಲೂ ಗೀಟು. ಗೆದ್ದದ್ದು ಯಾವುದು? ಹಳೆಯ ಫೈಲಿನ ಮೂಲೆಯಲ್ಲಿ ಯಾರೋ ಬರೆದು ಮರೆತ ಒಂದು ಬಡಪಾಯಿ ಸಾಲು, 'ತಲೆಬರಹ ಕಪ್ಪು'. ಆ ಪುಟದ ತಲೆಬರಹ ಎಂದರೆ ಅಂಗಡಿಯ ಹೆಸರೇ. ಅದಕ್ಕೆ ಇಂಪಾರ್ಟೆಂಟೂ ಇಲ್ಲ, ಯಾರ ಹೆಸರೂ ಇಲ್ಲ.

"ನನ್ನದು ಇಂಪಾರ್ಟೆಂಟ್ ಅಲ್ವೇನೇ?" ಅಂದೆ.

"ನೀನು ಹೇಳಿದ್ದು ಚೌಕಕ್ಕೆ. ಚೌಕಕ್ಕೆ ಅದು ಇಂಪಾರ್ಟೆಂಟೇ. ಒಳಗಿರೋರಿಗೆ ಯಾರೂ ಏನೂ ಹೇಳದೇ ಇದ್ರೆ ಅವರು ಚೌಕದ ಬಣ್ಣಾನೇ ತಗೋತಾರೆ. ಅದು ಅಪ್ಪಣೆ ಅಲ್ಲ ಕಣೆ, ಮೇಲಿಂದ ಇಳಿದು ಬಂದದ್ದು. ಇಳಿಯುವಾಗ ಬಣ್ಣ ಇಳಿಯುತ್ತೆ, ಇಂಪಾರ್ಟೆಂಟ್ ಇಳಿಯಲ್ಲ. ಇಳಿದು ಬಂದದ್ದಕ್ಕಿಂತ ಬಲ ಕಡಿಮೆ ಇರೋದು ಯಾವುದೂ ಇಲ್ಲ. ನೇರವಾಗಿ ಅದಕ್ಕೇ ಅಂತ ಯಾರು ಎಷ್ಟು ಮೆಲ್ಲಗೆ ಹೇಳಿದ್ರೂ ಅದೇ ನಡೆಯುತ್ತೆ."

ಆ ಹಳೆಯ ಸಾಲನ್ನು ಅಳಿಸಿ, ಹೆಸರಿಗೇ ಒಂದು ಸಾಲು ಬರೆದೆ. ಹಸಿರು. ಇಂಪಾರ್ಟೆಂಟ್ ಹಾಕಲಿಲ್ಲ. ಬಂತು. ಇಷ್ಟು ದಿನದ ಗುದ್ದಾಟಕ್ಕೆ ಇಷ್ಟೇನಾ ಅನ್ನಿಸಿ ಖುಷಿಯೂ ಆಗಲಿಲ್ಲ. ಜಯರಾಮು ಅವರಿಗೆ ಕಳಿಸಿದೆ. "ಬಾಗುಂದಮ್ಮಾ, ಚೆನ್ನಾಗೈತೆ" ಅಂದರು. ನಿಮ್ಮನೇಲಿ ಬಸುರಿ ಇದ್ದಾಳಂತಲ್ಲ, ನಮ್ಮ ಗಾಣದ ಹರಳೆಣ್ಣೆ ಬಸ್ಸಲ್ಲಿ ಕಳಿಸ್ತೀನಿ ಅಂತಲೂ ಅಂದರು. ಸರ್ ಎಲ್ಲರ ಹತ್ತಿರವೂ ನನ್ನ ಮನೆ ವಿಷಯ ಹೇಳುತ್ತಾರೆ.

ಅಕ್ಟೋಬರ್ 25, ಶನಿವಾರ

ಮಾವ ಕೇಳಲಿಲ್ಲ. ಬಸ್ಸಿಗೆ ಕಾಯುವಾಗ ಹಟ್ಟಿಯ ಯಜಮಾನರು ಸಿಕ್ಕರು, ನಾನೇ ಕೇಳಿದೆ. ಮಳೆಗೆ ಇಬ್ಬರೂ ಒಂದೇ ಸೂರಿನ ಕೆಳಗೆ ನಿಂತಿದ್ದೆವು, ಇಲ್ಲದಿದ್ದರೆ ನನಗೆ ಧೈರ್ಯ ಬರುತ್ತಿರಲಿಲ್ಲ.

ಬೈಲಪ್ಪನವರು ಬೀಡಿ ಆರಿಸಿದರು. "ನಾನೆಲ್ಲವ್ವ ಹೇಳ್ದೆ, ಹೊರ್ಗಿಡ್ರಿ ಅಂತ? ನಮ್ಮಪ್ಪನ ಕಾಲ್ದಿಂದ ಬಂದೈತೆ, ನಡ್ಕಂಡೋಯ್ತೈತೆ. ದೇವ್ರ ಇಷ್ಯ. ಪೂಜಾರಪ್ಪನ್ನ ಕೇಳು."

ಅಷ್ಟರಲ್ಲಿ ಬಸ್ಸು ಬಂತು. ಸೀಟು ಸಿಗಲಿಲ್ಲ.

ಅಕ್ಟೋಬರ್ 28, ಮಂಗಳವಾರ

ನಿನ್ನೆ ಮಧ್ಯಾಹ್ನ ಯಶೋದಳಿಗೆ ಹೆಣ್ಣು ಮಗು. ಆಸ್ಪತ್ರೆಯಲ್ಲಿ ನಾನೂ ಅತ್ತೆಯೂ ಜೊತೆಗಿದ್ದೆವು. ಮಗು ಸಣ್ಣದು, ತೂಕ ಸಾಲದು, ಮೈ ತಣ್ಣಗಾಗದಂತೆ ನೋಡಿಕೊಳ್ಳಿ ಎಂದು ನರ್ಸಮ್ಮ ಅತ್ತೆಗೆ ಬಿಡಿಸಿ ಬಿಡಿಸಿ ಹೇಳಿದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದರು. ಕೂದಲು ಎಷ್ಟೊಂದಿದೆ! ಹಣೆಯ ಮೇಲೆಲ್ಲ ಬಿದ್ದಿದೆ. ನಾನು ಎತ್ತಿಕೊಂಡಾಗ ಆಕಳಿಸಿತು, ನನ್ನ ಹಾಗೆಯೇ ಬೇಸತ್ತವಳು ಅನ್ನಿಸಿತು.

ಇವತ್ತು ಬಟ್ಟೆ ತರಲು ಹಟ್ಟಿಗೆ ಹೊರಟರೆ ಬಸ್ಸಿನಲ್ಲಿ ಪೂಜಾರಿ ಸಣ್ಣರಂಗಯ್ಯನವರು. ಪಕ್ಕದ ಸೀಟಿನಲ್ಲಿ ಹೂವಿನ ಬುಟ್ಟಿ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ಜಾಗ ಕೊಟ್ಟರು. ಕೇಳಿದೆ.

"ದೇವ್ರು ನಂಗೇನೂ ಹೇಳಿಲ್ಲ ಕಣವ್ವ. ಹಟ್ಟಿಯೋರು ಹೆಂಗೆ ಮಾಡ್ಕಂಡು ಬಂದವ್ರೋ ಅಂಗೆ ನಾನು ಪೂಜೆ ಮಾಡ್ತೀನಿ. ಮನೆ ಒಳ್ಗಿನ್ದು ಮನೆಯೋರ್ಗೆ ಬುಟ್ಟದ್ದು. ನಿಮ್ಮತ್ತೆ ಏನಂತಾಳೆ?"

ನಗು ಬಂತು. ಗಂಡ ಅತ್ತೆಯನ್ನು ಕೇಳು ಎಂದರು, ಅತ್ತೆ ಮಾವನನ್ನು, ಮಾವ ಯಜಮಾನರನ್ನು, ಯಜಮಾನರು ಪೂಜಾರಿಯನ್ನು, ಪೂಜಾರಿ ಮತ್ತೆ ಅತ್ತೆಯನ್ನು. ಎಲ್ಲರೂ ಒಂದೊಂದು ಮೆಟ್ಟಿಲು ಮೇಲಕ್ಕೆ ಕೈ ತೋರಿಸಿದರು, ಹತ್ತಿ ಹೋಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಶಿವರಂಜನಿಯ ಆ ಪಟ್ಟಿ ನೆನಪಾಯಿತು. ಸಾಕಾಗಿದೆ. ಬಟ್ಟೆ ಮಡಿಚಬೇಕು.

ಅಕ್ಟೋಬರ್ 31, ಶುಕ್ರವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಬರೆಯುವ ಸ್ಥಿತಿ ಇರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಿಂದ ಬಿಟ್ಟರು. ಮಲ್ಲೇಶನ ಆಟೋ. ಹಿಂದೆ ಯಶೋದ, ಮಗು, ಅತ್ತೆ. ಮುಂದೆ ಮಲ್ಲೇಶನ ಪಕ್ಕ ನಾನು, ಮಡಿಲಲ್ಲಿ ಫ್ಲಾಸ್ಕು, ಕಾಲ ಹತ್ತಿರ ಬಟ್ಟೆಯ ಗಂಟು, ಕೈಯಲ್ಲಿ ಜಯರಾಮು ಅವರ ಹರಳೆಣ್ಣೆ ಕ್ಯಾನು. ಬೆಳಗಿನಿಂದ ಒಂದು ಇಡ್ಲಿ ಬಿಟ್ಟರೆ ಏನೂ ತಿಂದಿರಲಿಲ್ಲ. ಹಟ್ಟಿಯ ಬೇಲಿ ಮುಟ್ಟುವಾಗ ಸೋನೆ ಶುರುವಾಯಿತು.

ಬಲಕ್ಕೆ ಗುಡ್ಲು. ನಮ್ಮವರು ಸೂರಿಗೆ ನೀಲಿ ಶೀಟು ಹೊದಿಸಿದ್ದರು, ಕೆಳಗೆ ಹುಲ್ಲು ಹಾಸಿ ಮೇಲೆ ಕಂಬಳಿ ಹಾಸಿದ್ದರು. ಶೀಟಿನ ಒಂದು ತುದಿ ಗಾಳಿಗೆ ಪಟಪಟ ಅನ್ನುತ್ತಿತ್ತು. ಎಡಕ್ಕೆ ಬೇಲಿಯ ಬಾಯಿ, ಅಲ್ಲಿಂದ ಕೂಗಳತೆಯಲ್ಲಿ ನಮ್ಮ ಮನೆ. ಮಾವ ಛತ್ರಿ ಹಿಡಿದು ನಿಂತಿದ್ದರು, ನಮ್ಮವರು ಕೈಕಟ್ಟಿ ನಿಂತಿದ್ದರು. ನಾವೂ ಇಳಿದು ನಿಂತೆವು.

ಯಶೋದ ಅಮ್ಮನನ್ನು ನೋಡಿದಳು. ಅತ್ತೆ ಮಾವನನ್ನು ನೋಡಿದರು. ಮಾವ ಛತ್ರಿಯ ಹಿಡಿ ನೋಡಿಕೊಂಡರು. ನಮ್ಮವರು ದೂರದಲ್ಲಿ ಯಾರೋ ಕರೆದ ಹಾಗೆ ಆ ಕಡೆ ತಿರುಗಿದರು. ಅತ್ತೆಯ ಕೈಯಲ್ಲಿ ಮಗು ಸಣ್ಣಗೆ ಕುಂಯ್ ಅಂದಿತು. ಮಲ್ಲೇಶ ಹಾರನ್ ಒತ್ತಿ, "ಬೇಗ ಗಂಟು ಇಳಿಸ್ಕಳ್ರಮ್ಮ, ಇನ್ನೊಂದು ಬಾಡ್ಗೆ ಐತೆ" ಅಂದ.

ನನಗೆ ಸುಸ್ತಾಗಿತ್ತು. ಅದನ್ನು ಸರಿಯಾಗಿ ಬರೆದಿಡಬೇಕು, ಯಾಕೆಂದರೆ ಬೇರೆ ಕಾರಣವೇನೂ ಇರಲಿಲ್ಲ. ಕ್ಯಾನು ಕೈಬೆರಳು ಕತ್ತರಿಸುತ್ತಿತ್ತು, ಚಪ್ಪಲಿಯೊಳಗೆ ನೀರು ಹೊಕ್ಕಿತ್ತು, ಹೀಗೇ ಇವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರೆ ಕತ್ತಲಾಗುತ್ತದೆ ಅನ್ನಿಸಿತು.

"ಯಶೋದಾ, ಒಳಕ್ಕೆ ನಡಿ" ಅಂದೆ.

ಜೋರಾಗಿಯೇನೂ ಅನ್ನಲಿಲ್ಲ. ಆಟೋ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಅಂದುಕೊಂಡೆ.

"ಮನೆ ಒಳಕ್ಕಾ ಅತ್ತಿಗೆ?"

"ಮನೆ ಒಳಕ್ಕೇ. ಮಗ ನೆನೀತೈತೆ, ನಡಿ."

ಅವಳು ನಡೆದಳು. ಹೊಟ್ಟೆಗೆ ಕೈ ಕೊಟ್ಟುಕೊಂಡು, ಒಂದೊಂದೇ ಹೆಜ್ಜೆ. ಯಾರೂ ತಡೆಯಲಿಲ್ಲ. ಯಾರೂ ಬಾ ಅಂತಲೂ ಅನ್ನಲಿಲ್ಲ. ಬೇಲಿಯ ಬಾಯಿ ದಾಟಿದಳು. ಅತ್ತೆ ಎರಡು ಗಳಿಗೆ ಹಾಗೇ ನಿಂತಿದ್ದವರು ಸೆರಗನ್ನು ಮಗುವಿನ ತಲೆಗೆ ಮುಚ್ಚಿ ಅವಳ ಹಿಂದೆಯೇ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ನೋಡಿರಲಿಲ್ಲ. ಮಾವ ಛತ್ರಿ ಹಿಡಿದುಕೊಂಡು ಅವರ ಹಿಂದೆ. ಕೊನೆಗೆ ನಾನೂ ಗಂಟೂ ಕ್ಯಾನೂ ಉಳಿದೆವು, ನಮಗೆ ಛತ್ರಿಯಿಲ್ಲ.

ಅತ್ತೆ ಒಲೆಯ ಪಕ್ಕದ ಮೂಲೆಯಿಂದ ರಾಗಿ ಚೀಲ ಸರಿಸಿ ಹಾಸಿಗೆ ಹಾಕಿದರು. ರಾತ್ರಿಯವರೆಗೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ತಪ್ಪು ಮಾಡಿದೆನೇನೋ ಅನ್ನಿಸುತ್ತಲೇ ನಿದ್ದೆ ಹತ್ತಿತು.

ನವೆಂಬರ್ 2, ಭಾನುವಾರ

ಬೈಲಪ್ಪನವರು ಬಂದರು. ಒಳಗೆ ಬರಲಿಲ್ಲ, ಅಂಗಳದಲ್ಲಿ ನಿಂತರು. ಹಿಂದೆ ಇನ್ನಿಬ್ಬರು ಹಿರಿಯರು. ಒಳಗೆ ಮಗು ಅಳುತ್ತಿತ್ತು, ಗುಟ್ಟು ಮಾಡುವಂಥದ್ದೇನೂ ಉಳಿದಿರಲಿಲ್ಲ.

"ಬಾಣಂತಿ ಒಳಗವ್ಳೆ" ಅಂದರು. ಕೇಳಿದ್ದೋ ಹೇಳಿದ್ದೋ ಗೊತ್ತಾಗಲಿಲ್ಲ.

"ಹೂಂ" ಅಂದರು ಮಾವ.

"ಯಾರು ಹೇಳಿದ್ದು?"

ನಾನು ಬಾಗಿಲ ಹಿಂದೆ ಇದ್ದೆ. ನಮ್ಮವರು ನನ್ನ ಕಡೆ ನೋಡಿದರು. ಹೋಗಿ ಒಪ್ಪಿಕೊಂಡುಬಿಡೋಣ ಎಂದು ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಅತ್ತೆ ನನ್ನನ್ನು ತಳ್ಳಿಕೊಂಡೇ ಆಚೆ ಹೋದರು. ಕೈಯಲ್ಲಿ ಮುದ್ದೆ ಕೋಲು ಹಾಗೇ ಇತ್ತು.

"ನಾನೇ ಹೇಳಿದ್ದು ಕಣಣ್ಣ."

"ನೀನಾ ಜುಂಜಮ್ಮ?"

"ಹೂಂ, ನಾನೇ. ನನ್ ಮನೆ, ನನ್ ಮಗಳು. ನಾನು ಹೇಳ್ದೆ ಇನ್ಯಾರು ಹೇಳ್ತಾರೆ?"

ಬೈಲಪ್ಪನವರು ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಏನೋ ಹುಡುಕುತ್ತಿರುವ ಹಾಗಿತ್ತು, ತಾನು ಇದನ್ನು ಬೇಡವೆಂದು ಯಾವಾಗಲಾದರೂ ಹೇಳಿದ್ದೆನೇ ಅಂತ. ಕೊನೆಗೆ, "ಅಂಗಾ" ಅಂದರು. "ಸೂತಕ ಕಳ್ಯೋಗಂಟ ದೇವ್ರ ದೀಪಕ್ಕೆ ನಿಮ್ಮನೆ ಎಣ್ಣೆ ಬ್ಯಾಡ." ಹೊರಟವರು ಹಿಂತಿರುಗಿ, "ಮಗೀನ ಬೆಚ್ಚಗಿಡ್ರಿ" ಅಂದರು.

ಅತ್ತೆ ಒಲೆಯ ಮುಂದೆ ಕೂತು ಅತ್ತರು. ಮದುವೆಯಾಗಿ ಬಂದಾಗಿನಿಂದ ಅವರ ಕೈಯ ಎಣ್ಣೆ ಆ ದೀಪಕ್ಕೆ ತಪ್ಪಿಲ್ಲ. ನನಗೂ ಅಳು ಬಂತು. ಸಮಾಧಾನ ಮಾಡಲು ಹೋದರೆ, "ಸಾಕು ಬುಡು, ಮುದ್ದೆ ಗಂಟಾಯ್ತದೆ" ಎಂದು ಕೋಲು ತಿರುಗಿಸಿದರು. ಹರಳೆಣ್ಣೆ ಕ್ಯಾನನ್ನು ದೇವರ ಗೂಡಿನ ಪಕ್ಕದಿಂದ ತೆಗೆದು ಯಶೋದಳ ಹಾಸಿಗೆಯ ಹತ್ತಿರ ಇಟ್ಟರು, ಮಗುವಿನ ಮೈಗೆ ಹಚ್ಚುವುದಕ್ಕೆ.

ಹೇಳಿದ್ದು ನಾನು ಎಂದು ಅತ್ತೆಗೆ ಮರೆತಿಲ್ಲ. ನನಗೂ ಮರೆತಿಲ್ಲ. ಅದು ಈಗ ಅವರ ಮಾತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಬರೆಯಲಿ.

ನವೆಂಬರ್ 5, ಬುಧವಾರ

ಜಯರಾಮು ಅವರ ಫೋನು. ಅವರ ಚಿಕ್ಕಪ್ಪನವರಿಗೆ ಹಸಿರು ಸರಿ ಕಾಣಲಿಲ್ಲವಂತೆ, ಕೆಂಪು ಬೇಕಂತೆ. ಚಿಕ್ಕಪ್ಪನವರು ನೇರವಾಗಿ ನಿಮಗೇ ಹೇಳಿದರಾ ಎಂದು ಕೇಳಿದೆ. ಇಲ್ಲಮ್ಮಾ, ನಮ್ಮತ್ತೆ ಬಂದು ಹೇಳಿದ್ದು ಅಂದರು. ಹಾಗಾದರೆ ಹಸಿರೇ ಇರಲಿ ಬಿಡಿ ಸರ್ ಅಂದೆ. ಇರಲಿ ಅಂದರು. ಪ್ರಸನ್ನಕುಮಾರ್ ಸರ್ ಕನ್ನಡಕ ತೆಗೆದು ನನ್ನನ್ನು ನೋಡಿದರು, ಯಾಕೋ ತಿಳಿಯಲಿಲ್ಲ.

ಮಧ್ಯಾಹ್ನ ಹೊರಗಾದೆ. ಬಸ್ಸಿಳಿದು ಅಭ್ಯಾಸಬಲದಿಂದ ಹುಣಸೆ ಮರದ ಕಡೆಗೇ ಕಾಲು ಹೋಯಿತು. ಗುಡ್ಲಿನ ಮುಂದೆ ನಿಂತುಬಿಟ್ಟೆ. ಬಾಗಿಲಿಗೆ ಗೋಣಿ ಕಟ್ಟಿತ್ತು. ಹೊಸ ಗೋಣಿ, ಹುರಿಯಿಂದ ಭದ್ರವಾಗಿ ಬಿಗಿದದ್ದು. ಸರಿಸಿ ನೋಡಿದರೆ ಒಳಗೆ ಈ ವಾರ ಈದ ಕುರಿಮರಿಗಳು, ನಮ್ಮವರು ಹಾಸಿದ ಹುಲ್ಲಿನ ಮೇಲೆ ಒಂದಕ್ಕೊಂದು ಆತು ಮಲಗಿವೆ. ಖಾಲಿ ಬಿದ್ದಿತ್ತು, ಚಳಿ ಬೇರೆ, ಅದಕ್ಕೇ ಕೂಡಿದೆ ಎಂದು ಮಾವ ಆಮೇಲೆ ಹೇಳಿದರು. ನನಗೆ ಸಿಟ್ಟು ಬರಬೇಕೋ ನಗು ಬರಬೇಕೋ ಗೊತ್ತಾಗದೆ ಗೋಣಿಯನ್ನು ಮತ್ತೆ ಸರಿಯಾಗಿ ಮುಚ್ಚಿದೆ. ಮರಿಗಳದ್ದೇನು ತಪ್ಪು?

ಜಾಗವಿಲ್ಲ, ಇನ್ನೇನು ಮಾಡುವುದು? ಬೇಲಿ ದಾಟಿ ಮನೆಗೆ ಬಂದೆ. ಅತ್ತೆ ಅಂಗಳದಲ್ಲಿ ಮಗುವಿಗೆ ನೀರು ಹಾಕುತ್ತಿದ್ದರು. "ಅತ್ತೆ, ನಾನು ಇವತ್ತು..." ಎಂದು ಶುರುಮಾಡಿದೆ. ಅವರು ತಲೆ ಎತ್ತಿ ನನ್ನನ್ನೂ, ನಾನು ಬಂದ ದಾರಿಯನ್ನೂ ನೋಡಿದರು.

"ನಿಂತ್ಕಂಡು ಏನ್ ನೋಡ್ತೀಯ? ಒಳಗೆ ಎಸರಿಟ್ಟಿವ್ನಿ, ಉಕ್ಕೋಯ್ತದೆ, ನೋಡೋಗು" ಅಂದರು.

ಅವರಿಗೆ ತಿಳಿಯಲಿಲ್ಲವೋ, ತಿಳಿದೂ ತಿಳಿಯದ ಹಾಗೆ ಮಾಡಿದರೋ, ನಾನು ಕೇಳಲಿಲ್ಲ. ಕೇಳಿದ್ದರೆ ನಿಮ್ಮ ಮಾವನನ್ನು ಕೇ‌ಳು ಅನ್ನುತ್ತಿದ್ದರು.

ಇದನ್ನು ಒಲೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಸೊಂಟ ನೋಯುತ್ತಿದೆ, ಬೆಂಕಿಯ ಕಾವು ಹಿತವಾಗಿದೆ. ಎಸರು ಕುದಿಯುತ್ತಿದೆ. ಹಿಟ್ಟು ಹಾಕಬೇಕು.